ಎರಡು ಹೊಲಿಗೆಯ ತೋಳು

ಬಟ್ಟೆಯ ಗಂಟು ಬಾಗಿಲೊಳಗೆ ಬಂದು ಬಿದ್ದಾಗ ಟೈಲರಕ್ಕನಿಗೆ ಬಿಚ್ಚಿ ನೋಡುವ ಅಗತ್ಯವಿರಲಿಲ್ಲ. ಅದೇ ನೀಲಿ. ಅದೇ ದಪ್ಪ. ಹನ್ನೊಂದು ತಿಂಗಳ ಹಿಂದೆ ಇದೇ ಬಟ್ಟೆಯಲ್ಲಿ ಅವಳು ಹನ್ನೆರಡು ಕೋಟು ಹೊಲಿದಿದ್ದಳು. ಅದರಲ್ಲಿ ಒಂದು ಅವಳ ತಮ್ಮನದು. ಅದನ್ನು ತೊಟ್ಟ ದಿನವೇ ಅವನು ಸತ್ತ.

ಗಂಟು ತಂದವನು ಕಾರ್ಖಾನೆಯ ಮ್ಯಾನೇಜರು. ಹೊಸ್ತಿಲಾಚೆಯೇ ನಿಂತಿದ್ದ. ಮೋರಿಯಾಚೆಯವರ ಮನೆಯೊಳಗೆ ಅವನು ಕಾಲಿಡುವುದಿಲ್ಲ. ಮೋರಿ ದಾಟಿ ವಾಪಸು ಹೋದಮೇಲೆ ಬೂಟು ಒರೆಸಿಕೊಳ್ಳಲು ಜೇಬಿನಲ್ಲಿ ಬೇರೆ ಕರ್ಚೀಫು ಇಟ್ಟಿರುತ್ತಾನೆ. ಕಾರ್ಖಾನೆಯಲ್ಲಿ ಮಷೀನು ನಡೆಸುವವರು, ಕಸ ಗುಡಿಸುವವರು, ಕಕ್ಕಸು ತೊಳೆಯುವವರು ಎಲ್ಲ ಮೋರಿಯಾಚೆಯವರೇ. ಆಫೀಸಿನ ಕುರ್ಚಿಯಲ್ಲಿ ಮಾತ್ರ ಒಬ್ಬರೂ ಇಲ್ಲ. ಮುಂದಿನ ಗೇಟು ಅವರದು, ಹಿಂದಿನ ಗೇಟು ಇವರದು. ಹಾಗಂತ ಎಲ್ಲೂ ಬೋರ್ಡು ಹಾಕಿಲ್ಲ.

"ಹೊಸ ಶೆಡ್ಡು ಶುರುವಾಗ್ತಿದೆ" ಎಂದ ಮ್ಯಾನೇಜರು. "ಮುಂದಿನ ವಾರ ದೊಡ್ಡೋರು ಬರ್ತಾರೆ. ಫೋಟೋ ತೆಗೀತಾರೆ. ಹನ್ನೆರಡು ಕೋಟು ಬೇಕು. ಹೋದ ಸಲದ ಥರಾನೇ."

"ಹೋದ ಸಲದ ಥರಾನೇ?"

"ಹೂಂ. ತೋಳು ಪೂರ್ತಿ, ಮುಂಗೈ ತನಕ. ಎಲ್ಲಾ ಚೀಟೀಲಿ ಬರೆದಿದೀನಿ."

"ಮೊಣಕೈ ತನಕ ಸಾಕು ಸಾರ್. ಮಷೀನ್ ಕೆಲಸದೋರಿಗೆ ಉದ್ದ ತೋಳು ಆಗಲ್ಲ. ಹೋದ ಸಲಾನೂ ಹೇಳಿದ್ದೆ."

"ಅರ್ಧ ತೋಳು ಫೋಟೋದಲ್ಲಿ ಕೂಲಿಯೋರ ಥರ ಕಾಣುತ್ತೆ ಅಂತಾರೆ ಸಾಹೇಬ್ರು."

"ಕೂಲಿಯೋರೇ ಅಲ್ವಾ ಸಾರ್?"

ಅವನು ಗಡಿಯಾರ ನೋಡಿಕೊಂಡ. ಅವಳು ಇನ್ನೊಂದು ಮಾತು ಕೇಳಿದಳು. "ಆ ಹಳೇ ಕೋಟುಗಳು ಏನಾದ್ವು?"

"ಹಳೇ ಕೋಟಾ? ಹಳೇ ಕೋಟು ಅಂತ ಯಾವ್ದೂ ಇರ್ಲಿಲ್ಲವಲ್ಲಮ್ಮ."

ಹೋದ ಸಲದ ಥರಾನೇ ಹೊಲಿ ಅಂದವನೂ ಅವನೇ, ಹೋದ ಸಲ ಅಂತ ಯಾವುದೂ ಇರಲಿಲ್ಲ ಅಂದವನೂ ಅವನೇ. ಎರಡರ ನಡುವೆ ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಎಂಥಾ ಕಲ್ಲು ಎದೆ ಬೇಕು ಇದಕ್ಕೆ! ಅವನು ಹೋದ. ಮೋರಿಯ ಆ ದಡದಲ್ಲಿ ನಿಂತು ಬೂಟು ಒರೆಸಿಕೊಳ್ಳುವುದು ಅವಳಿಗೆ ಬಾಗಿಲಿಂದಲೇ ಕಂಡಿತು.

ತಮ್ಮ ಸತ್ತ ದಿನ ನಡೆದದ್ದು ಇಷ್ಟು. ಹೊರಗಿನಿಂದ ಖರೀದಿದಾರರು ಬಂದಿದ್ದರು. ಎಲ್ಲರಿಗೂ ಹೊಸ ನೀಲಿ ಕೋಟು ತೊಡಿಸಿ ಮಷೀನುಗಳ ಮುಂದೆ ನಿಲ್ಲಿಸಿದರು. ಅವಳ ತಮ್ಮ ಕಬ್ಬಿಣವನ್ನು ತಿರುಗಿಸಿ ಕಡೆಯುವ ಚಿಕ್ಕ ಲೇತು ಮಷೀನಿನ ಟರ್ನರು. ತಿರುಗುವ ಕಬ್ಬಿಣದ ಸರಳಿಗೆ ಎಮರಿ ಕಾಗದ ಹಿಡಿದು ಹೊಳಪು ಕೊಡುವುದನ್ನು ಅವನು ತೋರಿಸಬೇಕಿತ್ತು. "ಸಾರ್, ಕೋಟು ಬಿಚ್ಚಿ ಮಾಡ್ತೀನಿ" ಎಂದನಂತೆ. "ಒಂದೇ ನಿಮಿಷ, ಸ್ವಲ್ಪ ಬಗ್ಗು, ಮುಖ ಕಾಣ್ಲಿ" ಎಂದರಂತೆ ಕಾರ್ಖಾನೆಯ ಸಾಹೇಬರು. ಬಗ್ಗಿದ. ಸರಳನ್ನು ಹಿಡಿದುಕೊಂಡು ತಿರುಗುವ ಗುಂಡನೆಯ ಭಾಗಕ್ಕೆ ಚಕ್ಕು ಅನ್ನುತ್ತಾರೆ. ಅದಕ್ಕೆ ಮೂರು ಹಲ್ಲು. ಒಂದು ಹಲ್ಲಿಗೆ ತೋಳಿನ ಅಂಚು ಸಿಕ್ಕಿತು. ಕರೆಂಟು ತೆಗೆಯುವ ಸ್ವಿಚ್ಚು ದೂರದ ಗೋಡೆಯಲ್ಲಿತ್ತು. ಫೋಟೋ ಚೆನ್ನಾಗಿ ಬರಲೆಂದು ಆ ಗೋಡೆಗೆ ಪರದೆ ಕಟ್ಟಿದ್ದರು. ಮೇಸ್ತ್ರಿ ಓಡಿಹೋಗಿ ಪರದೆ ಹರಿದು ಸ್ವಿಚ್ಚು ತೆಗೆಯುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಸಂಜೆಯೊಳಗೆ ಉಳಿದ ಹನ್ನೊಂದು ಕೋಟುಗಳನ್ನು ಬಿಚ್ಚಿಸಿಕೊಂಡು ಒಯ್ದರು. ಅವನ ಮೈಮೇಲಿದ್ದುದನ್ನು ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದರು. ಅದೂ ಮತ್ತೆ ಸಿಗಲಿಲ್ಲ. ತಪಾಸಣೆಯ ಅಧಿಕಾರಿ ಬಂದು ಬರೆದುಕೊಂಡು ಹೋದ: ಕಾರ್ಮಿಕನು ನಿಯಮ ಮೀರಿ ತನ್ನ ಸ್ವಂತ ಸಡಿಲ ಉಡುಪು ತೊಟ್ಟಿದ್ದನು, ತಪ್ಪು ಅವನದೇ. ಅಲ್ಲಿಗೆ ಕಾರ್ಖಾನೆ ಕೈ ತೊಳೆದುಕೊಂಡಿತು. ಕಣ್ಣಾರೆ ಕಂಡ ಹನ್ನೊಂದು ಜನರ ಬಾಯಿಗೆ ಬೀಗ ಬಿತ್ತು. ಟೈಲರಕ್ಕ ಅವರನ್ನು ಬಯ್ಯಲು ಹೋಗಲಿಲ್ಲ. ಬೀಗ ಅವಳ ಬಾಯಿಗೂ ಬಿದ್ದಿತ್ತು, ಬೇರೆ ಕಾರಣಕ್ಕೆ.

ತಮ್ಮನನ್ನು ಮಣ್ಣು ಮಾಡಿ ಬಂದ ದಿನ ಮೇಸ್ತ್ರಿ ಅವಳ ಮನೆಯ ಹೊರಗೆ ಕೂತು ಯಾರಿಗೋ ಹೇಳುತ್ತಿದ್ದ. "ತೋಳು ಹರಿದು ಬಂದಿದ್ರೆ ಜೀವ ಉಳೀತಿತ್ತು ಮಾರಾಯ. ನಮ್ಮ ಹಳೇ ಅಂಗಿಗಳೆಲ್ಲ ಹಾಗೇ ಹರಿದು ನಮ್ಮನ್ನ ಉಳಿಸಿಲ್ವಾ? ಅದೇನು ಹೊಲಿಗೆಯೋ, ಬಿಟ್ಟುಕೊಡಲೇ ಇಲ್ಲ."

ಒಳಗೆ ಗೋಡೆಗೊರಗಿ ಕೂತಿದ್ದ ಅವಳು ಕೇಳಿಸಿಕೊಂಡಳು. ಹನ್ನೊಂದು ಕೋಟುಗಳ ತೋಳಿಗೆ ಅವಳು ಹಾಕಿದ್ದು ಒಂದೇ ಹೊಲಿಗೆ, ಹತ್ತಿಯ ದಾರ. ತಮ್ಮನ ಕೋಟಿಗೆ ಮಾತ್ರ ಎರಡು ಹೊಲಿಗೆ, ನೈಲಾನ್ ದಾರ. ತನ್ನವನು ತೊಡುವುದು, ನಾಲ್ಕು ವರ್ಷ ಬಾಳಲಿ ಎಂದು. ಅವಳು ಹೊಲಿದ ತೋಳು ಬಿಚ್ಚಿಕೊಂಡಿತೆಂದು ಓಣಿಯಲ್ಲಿ ಯಾರೂ ಅಂದವರಿಲ್ಲ. ಅದು ಅವಳಿಗೆ ಹೆಮ್ಮೆಯಾಗಿತ್ತು.

ಅವಳದೊಂದು ಪದ್ಧತಿಯಿತ್ತು. ಗಿರಾಕಿ ಹೇಳಿದ್ದು ತನಗೆ ಸರಿ ಕಾಣದಿದ್ದರೆ ವಾದಕ್ಕೆ ಹೋಗುತ್ತಿರಲಿಲ್ಲ. ಅಳತೆ ಪುಸ್ತಕ ಮುಂದಿಟ್ಟು, "ನಿಮ್ಮ ಕೈಯಲ್ಲೇ ಬರೆದುಬಿಡಿ, ಆಮೇಲೆ ನನ್ನ ಅನ್ನಬೇಡಿ" ಎನ್ನುತ್ತಿದ್ದಳು. ಹೋದ ಸಲ ಮ್ಯಾನೇಜರ ಕೈಯಲ್ಲೂ ಹಾಗೇ ಬರೆಸಿದ್ದಳು. "ತೋಳು ಪೂರ್ತಿ ಮುಂಗೈವರೆಗೆ. ಸಾಹೇಬರ ಅಪ್ಪಣೆ." ಕೆಳಗೆ ಅವನ ಸಹಿ. ಆ ಒಂದು ಪುಟವನ್ನು ಆವತ್ತೇ ಅಧಿಕಾರಿಯ ಮುಂದೆ ಹಿಡಿದಿದ್ದರೆ ಸಾಕಿತ್ತು. ಆದರೆ ಅದೇ ಪುಟದಲ್ಲಿ, ಸಹಿಯ ಕೆಳಗೆ ಅವಳದೇ ಅಕ್ಷರವಿತ್ತು: "ತಮ್ಮ. ತೋಳು ಇಪ್ಪತ್ತನಾಲ್ಕು. ಎರಡು ಹೊಲಿಗೆ, ನೈಲಾನ್." ತೋರಿಸಿದರೆ ತಮ್ಮನ ಹೆಂಡತಿಯೂ ಓದುತ್ತಾಳೆ. ಪುಸ್ತಕವನ್ನು ಅವಳು ಟ್ರಂಕಿನ ತಳಕ್ಕೆ ಸೇರಿಸಿದಳು. ಹೇಡಿತನವೇ. ಬೇರೆ ಹೆಸರು ಅದಕ್ಕಿಲ್ಲ.

ಸತ್ತ ತಮ್ಮ ಅಂದಿನಿಂದ ಅವಳ ಮನೆ ಬಿಟ್ಟು ಹೋಗಿರಲಿಲ್ಲ. ಹೊಲಿಗೆ ಮಷೀನಿನ ಪೆಡಲು ತುಳಿದರೆ ಚಕ್ರ ತಿರುಗುತ್ತಿತ್ತು, ತಿರುಗುವ ಚಕ್ರದ ಹಿಂದೆ ಅವನು ಬಗ್ಗಿರುತ್ತಿದ್ದ. ಬದುಕಿದ್ದಾಗ ಇದೇ ಚಕ್ರಕ್ಕೆ ಕೈ ಆನಿಸಿಕೊಂಡು ತಮಾಷೆ ಮಾಡುತ್ತಿದ್ದ: "ಅಕ್ಕ, ನಿನ್ನ ಮಷೀನು ಬೆರಳು ಚುಚ್ಚಿ ಬಿಟ್ಟುಬಿಡುತ್ತೆ. ನನ್ನದು ಹಾಗಲ್ಲ, ಚಿಕ್ಕದು ಅಂತ ಸಲಿಗೆ ಕೊಟ್ರೆ ಮನುಷ್ಯನ್ನೇ ಸುತ್ತಿ ಇಟ್ಟುಕೊಳ್ಳುತ್ತೆ." ಈಗ ಮಾತಾಡುತ್ತಿರಲಿಲ್ಲ. ಕತ್ತರಿಸಿದ ಬಟ್ಟೆಯನ್ನು ಅವಳು ತೋಳಾಗಿ ಮಡಿಸಿದರೆ ಅದರೊಳಗೆ ಕೈಯಿರುತ್ತಿತ್ತು. ಬೆಚ್ಚಗಿರುತ್ತಿತ್ತು. ಅವಳು ತೋಳು ಹೊಲಿಯುವುದನ್ನೇ ಬಿಟ್ಟಳು. ದಿಂಬಿನ ಚೀಲ, ಪರದೆ, ಲಂಗದ ಅಂಚು ಇಷ್ಟೇ. ಕೇಳಿದವರಿಗೆ ಕಣ್ಣು ಮಂಜಾಗಿದೆ ಎನ್ನುತ್ತಿದ್ದಳು.

ಈಗ ಈ ಗಂಟು. ಒಲ್ಲೆ ಎಂದು ಎಸೆದುಬಿಡಬೇಕೆಂದು ಅವಳ ಕೈ ಮುಂದಾಯಿತು. ಎಸೆದರೆ ಏನಾಗುತ್ತದೆ? ದೊಡ್ಡ ರಸ್ತೆಯ ಟೈಲರು ಹೊಲಿಯುತ್ತಾನೆ. ಉದ್ದ ತೋಳನ್ನೇ ಹೊಲಿಯುತ್ತಾನೆ. ಗಟ್ಟಿಯಾಗಿ ಹೊಲಿಯುತ್ತಾನೆ. ಆ ಹನ್ನೆರಡರಲ್ಲಿ ಒಂದನ್ನು ತೊಡುವವಳು ತಮ್ಮನ ಹೆಂಡತಿ. ಕಾರ್ಖಾನೆಯವರು ಕರುಣೆ ತೋರಿಸಿ ಅವಳಿಗೆ ಕೆಲಸ ಕೊಟ್ಟಿದ್ದರು. ಯಾವ ಕೆಲಸ? ಗಂಡನನ್ನು ತಿಂದ ಅದೇ ಚಿಕ್ಕ ಲೇತು. ಗಂಡಸಿಗೆ ಕೊಡುವುದಕ್ಕಿಂತ ಕಡಿಮೆಗೆ ಸಿಗುತ್ತಾಳೆ ಎಂಬುದೇ ಆ ಕರುಣೆ. ಟೈಲರಕ್ಕ ಗಂಟನ್ನು ಎಸೆಯಲಿಲ್ಲ. ಅಳತೆ ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡು ಕಾರ್ಖಾನೆಗೆ ಹೊರಟಳು.

ಹಿಂದಿನ ಗೇಟಿನಿಂದ ಒಳಗೆ ಹೋದಾಗ ಹೊಸ ಶೆಡ್ಡಿನಲ್ಲಿ ಲೇತು ಕೂರಿಸುತ್ತಿದ್ದರು. ಅವಳು ಅದನ್ನು ನೋಡಿದ್ದು ಅದೇ ಮೊದಲು. ಇಷ್ಟೇನಾ ಅನ್ನಿಸಿತು. ಅವಳ ಮನೆಯ ಮಂಚಕ್ಕಿಂತ ಉದ್ದವಿಲ್ಲ. ಎಣ್ಣೆ ಹಚ್ಚಿ ಒರೆಸಿದ್ದರು. ಮೈ ಹೊಳೆಯುತ್ತಿತ್ತು. ಏನೂ ನಡೆದೇ ಇಲ್ಲ ಎಂಬಂತೆ ಕೂತಿತ್ತು.

ಮೇಸ್ತ್ರಿ ಮೊಣಕಾಲೂರಿ ಅದರ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮಟ್ಟ ತೋರಿಸುವ ಗಾಜಿನ ರಸಮಟ್ಟ ಇಟ್ಟು ನೋಡುತ್ತಿದ್ದ. ಗುಳ್ಳೆ ಒಂದು ಕಡೆಗೆ ಸರಿಯಿತು. ಎದುರು ಕಡೆಯ ತಗ್ಗಿದ ಕಾಲಿನ ಕೆಳಗೆ ತೆಳ್ಳನೆಯ ತಗಡಿನ ಚೂರು ತುರುಕಿದ. ಬೋಲ್ಟು ಬಿಗಿದ. ಮತ್ತೆ ರಸಮಟ್ಟ ಇಟ್ಟ. ಬಿಗಿದಾಗ ಇನ್ನೊಂದು ಕಾಲು ಎದ್ದಿತ್ತು. ಮತ್ತೆ ಸಡಿಲಿಸಿದ.

"ಸಾಕು ಬಿಡು, ನಿಂತಿದೆಯಲ್ಲ" ಎಂದ ಮ್ಯಾನೇಜರು ದೂರದಿಂದ.

"ನಿಂತ್ರೆ ಸಾಲ್ದು ಸಾರ್, ನೆಟ್ಟಗೆ ನಿಲ್ಬೇಕು. ಓರೆ ನಿಂತ್ರೆ ನಡುಗುತ್ತೆ."

ತಮ್ಮನ ಹೆಂಡತಿ ಬಂದು ಬರಿಗೈ ಚಾಚಿ ಅಳೆದು ನೋಡಿದಳು. "ಮಷೀನು ನಿಲ್ಲಿಸೋ ಕೆಂಪು ಗುಂಡಿ ಇಲ್ಲಿ ಬೇಡ ಮೇಸ್ತ್ರಿ, ಈ ಕಡೆ ತನ್ನಿ. ಬಲಗೈ ಸಿಕ್ಕಿಹಾಕ್ಕೊಂಡ್ರೆ ಎಡಗೈಗೆ ಸಿಗಬೇಕು. ಕಣ್ಣು ಮುಚ್ಚಿದ್ರೂ ಸಿಗಬೇಕು."

ಮೇಸ್ತ್ರಿ ಗುಂಡಿಯನ್ನು ಬಿಚ್ಚಿ ಅವಳು ತೋರಿಸಿದ ಜಾಗಕ್ಕೆ ಕೂರಿಸಿದ.

ಆಮೇಲೆ ಅವಳು ಕೆಲಸಕ್ಕೆ ನಿಂತಳು. ಟೈಲರಕ್ಕ ಕಣ್ಣು ಮಿಟುಕಿಸದೆ ನೋಡಿದಳು. ಕೂದಲೆಲ್ಲ ಬಟ್ಟೆಯೊಳಗೆ. ಬಳೆಯಿಲ್ಲ, ಉಂಗುರವಿಲ್ಲ. ಕಣ್ಣಿಗೆ ಕನ್ನಡಕ. ತಮ್ಮನ ಹಳೆಯ ಅಂಗಿ, ತೋಳನ್ನು ಮೊಣಕೈಯ ಮೇಲೆಯೇ ಕತ್ತರಿಸಿಕೊಂಡಿದ್ದಾಳೆ. ಸರಳನ್ನು ಚಕ್ಕಿನ ಹಲ್ಲುಗಳ ನಡುವೆ ಇಟ್ಟು ಕೀ ಹಾಕಿ ಬಿಗಿದಳು. ಬಿಗಿದ ಕೈಯಲ್ಲೇ ಕೀಯನ್ನು ಕಿತ್ತು ಗೂಟಕ್ಕೆ ನೇತುಹಾಕಿದಳು. ಆ ಕೀ ಚಕ್ಕಿನಲ್ಲೇ ಉಳಿದು ಮಷೀನು ಶುರುವಾದರೆ ಗುಂಡಿನಂತೆ ಹಾರಿ ಬರುತ್ತದೆ. ಕಬ್ಬಿಣ ಕೊರೆಯುವ ಟೂಲಿನ ಮೊನೆಯನ್ನು ಸರಳಿನ ನಟ್ಟನಡುವಿಗೆ ಸಮವಾಗಿ ತಂದಳು. ಚಕ್ಕನ್ನು ಕೈಯಿಂದಲೇ ಒಂದು ಪೂರ್ತಿ ಸುತ್ತು ತಿರುಗಿಸಿ ಎಲ್ಲೂ ತಾಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಸ್ವಿಚ್ಚಿನ ಮೇಲೆ ಬೆರಳಿಟ್ಟು ಒಂದು ಗಳಿಗೆ ನಿಂತಳು. ಆ ಗಳಿಗೆಯಲ್ಲಿ ಅವಳ ತುಟಿ ಅಲುಗಿತು. ಯಾರ ಹತ್ತಿರ ಮಾತಾಡಿದಳೆಂದು ಟೈಲರಕ್ಕ ಕೇಳಬೇಕಿರಲಿಲ್ಲ.

ಮಷೀನು ಶುರುವಾಯಿತು. ಕಬ್ಬಿಣದ ಸುರುಳಿಗಳು ಬಿಸಿಯಾಗಿ ಉದುರಿದವು. ಅವಳು ಅವನ್ನು ಕೈಯಿಂದ ಮುಟ್ಟಲಿಲ್ಲ. ಮಷೀನು ನಿಲ್ಲಿಸಿ, ಚಕ್ಕು ಪೂರ್ತಿ ನಿಂತ ಮೇಲೆಯೇ ಕೊಕ್ಕೆಯಿಂದ ಎಳೆದು ಹಾಕಿದಳು.

"ಬಾ, ಅಳತೆ ಕೊಡು" ಎಂದಳು ಟೈಲರಕ್ಕ.

"ಮತ್ತೆ ಕೋಟಾ ಅಕ್ಕ?"

"ಮತ್ತೆ ಕೋಟು. ಹಾಕ್ಕೋತೀಯಾ?"

"ಹಾಕ್ಕೊಳ್ಳದೆ ಇದ್ರೆ ನಾಳೆಯಿಂದ ಬರಬೇಡ ಅಂತಾರೆ. ಇಬ್ಬರು ಮಕ್ಕಳು."

ಟೈಲರಕ್ಕ ಪಟ್ಟಿಯ ತುದಿಯನ್ನು ಅವಳ ಭುಜದ ಮೂಳೆಗೆ ಒತ್ತಿ ಹಿಡಿದು ಮುಂಗೈವರೆಗೆ ಎಳೆದಳು. ಇಪ್ಪತ್ತೊಂದು. ಪಟ್ಟಿಯ ಉಳಿದ ಭಾಗ ಕೆಳಗೆ ಜೋತಾಡುತ್ತಿತ್ತು. ಇಪ್ಪತ್ತನಾಲ್ಕರ ಗೆರೆ ಅಲ್ಲಿತ್ತು, ಎಂದೋ ಅವನ ಮುಂಗೈಗೆ ತಾಗಿದ್ದ ಗೆರೆ. ಪಟ್ಟಿಯನ್ನು ಬೇಗಬೇಗ ಸುತ್ತಿಕೊಂಡಳು.

ಮನೆಗೆ ಬಂದು ಕತ್ತರಿ ಹಿಡಿದಳು. ಆರು ದಿನ, ಬೆಳಗಿನಿಂದ ಸಂಜೆಯವರೆಗೆ, ಬಾಗಿಲು ತೆರೆದಿಟ್ಟು ಹೊಲಿದಳು. ಕಾಲರು ಗಟ್ಟಿಯಾಗಿ, ಜೇಬು ಗಟ್ಟಿಯಾಗಿ. ತಮ್ಮ ಆರೂ ದಿನ ಚಕ್ರದ ಹಿಂದೆ ಬಗ್ಗಿಯೇ ಇದ್ದ. ತೋಳಿನ ಸರದಿ ಬಂದಾಗ ಅವಳು ಮಷೀನಿಂದ ಎದ್ದಳು. ಗೋಡೆಗೊರಗಿ ಕೂತು, ಸೂಜಿಗೆ ಎಲ್ಲಕ್ಕಿಂತ ತೆಳ್ಳನೆಯ ದಾರ ಪೋಣಿಸಿ, ಕೈಯಲ್ಲೇ ಕಚ್ಚಾ ಹೊಲಿಗೆ ಹಾಕಿದಳು. ಅಳತೆ ಸರಿಯಿದೆಯೇ ಎಂದು ನೋಡಲು ಹಾಕಿ ಆಮೇಲೆ ಕಿತ್ತುಬಿಡುವ ಹೊಲಿಗೆ ಅದು. ಮೂವತ್ತು ವರ್ಷದಲ್ಲಿ ಅಂಥ ತೋಳನ್ನು ಅವಳ ಕೈ ಗಿರಾಕಿಗೆ ಕೊಟ್ಟದ್ದಿಲ್ಲ. ನಾಚಿಕೆಯಾಯಿತು. ಹಲ್ಲು ಕಚ್ಚಿ ಇಪ್ಪತ್ತನಾಲ್ಕು ತೋಳುಗಳನ್ನೂ ಹಾಗೇ ಕೂರಿಸಿದಳು. ಕೊನೆಗೆ ಟ್ರಂಕು ತೆರೆದು ಅಳತೆ ಪುಸ್ತಕವನ್ನು ತಳದಿಂದ ಎತ್ತಿದಳು. ಅದನ್ನು ಏನು ಮಾಡುತ್ತೇನೆಂದು ಅವಳಿಗೇ ಇನ್ನೂ ಗೊತ್ತಿರಲಿಲ್ಲ.

ಆ ದಿನ ಶೆಡ್ಡಿನ ತುಂಬ ಕುರ್ಚಿಗಳು. ಸಾಹೇಬರು, ಖರೀದಿದಾರರು, ಫೋಟೋದವನು. ಹೊಸ ಶೆಡ್ಡಿಗೆ ಒಪ್ಪಿಗೆ ಕೊಡಲು ಬಂದಿದ್ದ ತಪಾಸಣೆಯ ಅಧಿಕಾರಿ. ಇವನೇ ಆವತ್ತು 'ಸ್ವಂತ ಸಡಿಲ ಉಡುಪು' ಎಂದು ಬರೆದವನು. ಗೋಡೆಯ ಮೇಲೆ ಹೊಸ ಬೋರ್ಡು: ಉದ್ದ ತೋಳು ತೊಡಬೇಡಿ. ಬೋರ್ಡಿನ ಕೆಳಗೇ ಹನ್ನೆರಡು ಜನ ಉದ್ದ ತೋಳು ತೊಟ್ಟು ನಿಂತಿದ್ದರು. ಯಾರಿಗೂ ನಗು ಬರಲಿಲ್ಲ. ಚಿಕ್ಕ ಲೇತೊಂದನ್ನು ಬಿಟ್ಟು ಉಳಿದ ಮಷೀನುಗಳು ತೋರಿಕೆಗೆ ಖಾಲಿ ತಿರುಗುತ್ತಿದ್ದವು. ಟೈಲರಕ್ಕ ಹಿಂಬಾಗಿಲ ಹತ್ತಿರ, ಪೊರಕೆಗಳ ಪಕ್ಕದಲ್ಲಿ ನಿಂತಳು. ಕೋಟು ಕೊಟ್ಟಮೇಲೆ ಹೊರಡು ಎಂದಿದ್ದರು. ಅವಳು ಹೊರಟಿರಲಿಲ್ಲ.

"ಈ ಹೆಣ್ಣುಮಗಳ ಫೋಟೋ ಬೇಕು" ಎಂದರು ಸಾಹೇಬರು. "ಗಂಡ ಹೋದ ಮೇಲೆ ನಾವೇ ಕೈ ಹಿಡಿದದ್ದು. ಮಷೀನು ಶುರು ಮಾಡಮ್ಮ."

ತಮ್ಮನ ಹೆಂಡತಿ ಸರಳು ಬಿಗಿದಳು. ಕೀ ಗೂಟಕ್ಕೆ ಹೋಯಿತು. ಚಕ್ಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿದಳು. ತೋಳಿನ ಅಂಚು ಹಲ್ಲಿಗೆ ಒಂದು ಬೆರಳಿನಷ್ಟು ದೂರದಲ್ಲಿ ಹಾದುಹೋಯಿತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಆಗಲ್ಲ ಸಾರ್."

"ಏನು ಆಗಲ್ಲ?"

"ಈ ತೋಳು ಹಾಕ್ಕೊಂಡು ಮಷೀನು ಶುರು ಮಾಡಲ್ಲ."

ಮ್ಯಾನೇಜರು ಹತ್ತಿರ ಬಂದು ಹಲ್ಲಿನ ಸಂದಿಯಲ್ಲಿ ಹೇಳಿದ. "ಮರ್ಯಾದೆ ಕಳೀಬೇಡ. ನಾಳೆಯಿಂದ ಕೆಲಸ ಬೇಕಾ ಬೇಡ್ವಾ?"

ಸಾಹೇಬರು ನಕ್ಕರು. "ಹೆದರಬೇಡಮ್ಮ. ಒಂದೇ ನಿಮಿಷ. ಸ್ವಲ್ಪ ಬಗ್ಗು, ಮುಖ ಕಾಣ್ಲಿ."

ಒಂದೇ ನಿಮಿಷ. ಆ ಮಾತು ಕಿವಿಗೆ ಬಿದ್ದದ್ದೇ ತಡ, ಟೈಲರಕ್ಕನ ಕಾಲು ತಾನಾಗಿಯೇ ನಡೆಯಿತು. ನೆಲದ ಮೇಲೆ ಹಳದಿ ಗೆರೆಯಿತ್ತು, ಕೆಲಸದವರಲ್ಲದವರು ದಾಟಬಾರದ ಗೆರೆ. ದಾಟಿದಳು. ಬಗ್ಗಿದವನೊಬ್ಬ ಅವಳ ಪಕ್ಕದಲ್ಲೇ ನಡೆದು ಬರುತ್ತಿದ್ದ. ಅವಳು ತಮ್ಮನ ಹೆಂಡತಿಯ ಬಲತೋಳು ಹಿಡಿದು ಒಮ್ಮೆ ಎಳೆದಳು. ಪರ್ರೆಂದು ಭುಜದಿಂದ ಬಿಚ್ಚಿ ತೋಳು ಪೂರ್ತಿ ಕೈಗೆ ಬಂತು. ಎಡದ್ದನ್ನೂ ಎಳೆದಳು. ಅದೂ ಬಂತು.

ಮೇಸ್ತ್ರಿ ತನ್ನ ತೋಳನ್ನು ನೋಡಿಕೊಂಡ. ಎಳೆದ. ಬಂತು. ಅವನ ಪಕ್ಕದವನು ಎಳೆದುಕೊಂಡ, ಅವನಾಚೆಯವನು ಎಳೆದುಕೊಂಡ. ನೀಲಿ ತೋಳುಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಹನ್ನೆರಡು ಜನ ಬರಿತೋಳಿನಲ್ಲಿ ನಿಂತರು.

"ಏನೇ ಇದು? ಇದೂ ಒಂದು ಹೊಲಿಗೆನಾ?" ಮ್ಯಾನೇಜರು ಕೂಗಿದ.

"ಅಲ್ಲ ಸಾರ್. ಬೇಕಂತಲೇ ಹೀಗೆ ಹೊಲಿದೆ. ಹೋದ ಸಲ ಗಟ್ಟಿಯಾಗಿ ಹೊಲಿದಿದ್ದೆ."

ಅಧಿಕಾರಿ ತಲೆಯೆತ್ತಿದ. "ಹೋದ ಸಲ ಅಂದ್ರೆ?"

"ಹೋದ ಸಲ ಅಂತ ಯಾವ್ದೂ ಇಲ್ಲ ಸಾರ್, ತಲೆ ಕೆಟ್ಟಿದೆ ಇವಳಿಗೆ" ಎಂದ ಮ್ಯಾನೇಜರು.

ಟೈಲರಕ್ಕ ಸೆರಗಿನೊಳಗಿಂದ ಪುಸ್ತಕ ತೆಗೆದಳು. ಆ ಪುಟ ತೆರೆದು, ಗಂಟಿನ ಜೊತೆ ಬಂದ ಹೊಸ ಚೀಟಿಯನ್ನು ಪಕ್ಕದಲ್ಲಿಟ್ಟು ಅಧಿಕಾರಿಯ ಮುಂದೆ ಹಿಡಿದಳು. ಎರಡರಲ್ಲೂ ಒಂದೇ ಮಾತು, ಒಂದೇ ಕೈ, ಒಂದೇ ಸಹಿ. ಹಳೆಯದರ ಮೇಲೆ ತಮ್ಮ ಸತ್ತದ್ದಕ್ಕೆ ಒಂಬತ್ತು ದಿನ ಮುಂಚಿನ ತಾರೀಖು.

"ಅವನ ಮೈಮೇಲಿದ್ದದ್ದು ಸ್ವಂತ ಉಡುಪಲ್ಲ. ಇವರ ಕೋಟು. ನಾನೇ ಹೊಲಿದದ್ದು. ಬೇಡ ಅಂದೆ, ಬರೆದುಕೊಟ್ರು, ಹೊಲಿದೆ. ಹನ್ನೆರಡು ಜನರೂ ಅವತ್ತು ಅದನ್ನೇ ತೊಟ್ಟಿದ್ರು." ಈಗ ನಿಲ್ಲಿಸಿದರೂ ಸಾಕಿತ್ತು. ನಿಲ್ಲಿಸಲಿಲ್ಲ. ತಮ್ಮನ ಹೆಂಡತಿಯ ಕಡೆ ತಿರುಗಿದಳು. "ಕೆಳಗಿನ ಸಾಲು ನಂದು. ಓದಿಕೋ. ಅವನದಕ್ಕೆ ಮಾತ್ರ ಎರಡು ಹೊಲಿಗೆ, ನೈಲಾನ್ ದಾರ ಹಾಕಿದ್ದೆ. ಹಾಕದೆ ಇದ್ದಿದ್ರೆ ಇವತ್ತು ಹರಿದ ಹಾಗೆ ಅವತ್ತೂ ಹರೀತಿತ್ತು. ಇದನ್ನ ನಿನಗೆ ಹೇಳೋಕಾಗದೆ ಪುಸ್ತಕ ಮುಚ್ಚಿಟ್ಟೆ."

ತಮ್ಮನ ಹೆಂಡತಿ ಪುಸ್ತಕ ನೋಡಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಪುಟ್ಟ ಚೀಲ ಬಿಚ್ಚಿ, ಅದರಿಂದ ಏನನ್ನೋ ತೆಗೆದು ಅಂಗೈ ಮೇಲಿಟ್ಟು ತೋರಿಸಿದಳು. ಎಣ್ಣೆ ಹಿಡಿದು ಕಪ್ಪಾದ ಒಂದು ಗೇಣು ನೀಲಿ ದಾರ. ಎರಡೆಳೆ.

"ಲೇತು ಇಲ್ಲಿಗೆ ಸಾಗಿಸೋ ಮುಂಚೆ ಚಕ್ಕು ಬಿಚ್ಚಿ ತೊಳೆದೆ ಅಕ್ಕ. ಅದರ ಹಿಂದೆ ಸಿಕ್ತು. ನಿನ್ನ ದಾರ ಅಂತ ನೋಡಿದ ಕೂಡಲೇ ಗೊತ್ತಾಯ್ತು." ಅವಳು ಅಂಗೈ ಮುಚ್ಚಿದಳು. "ನಿನ್ನ ಮೇಲೆ ಸಿಟ್ಟು ಬಂತು. ಮೂರು ದಿನ ಸಿಟ್ಟು ಮಾಡಿದೆ. ಆಮೇಲೆ ನೆನಪಾಯ್ತು. ದಾರ ಗಟ್ಟಿಯಿತ್ತು ಅಂತ ಯಾರೂ ಸಾಯಲ್ಲ. ಅವರು ಸತ್ತಿದ್ದು ತೋಳು ಉದ್ದ ಇತ್ತು ಅಂತ, ಬಗ್ಗು ಅಂದ್ರು ಅಂತ."

"ಮೇಸ್ತ್ರಿ, ನೀನಾದ್ರೂ ಹೇಳಯ್ಯ" ಎಂದರು ಸಾಹೇಬರು. ದನಿಯಲ್ಲಿ ಈಗ ನಗುವಿರಲಿಲ್ಲ.

ಮೇಸ್ತ್ರಿ ನೆಲ ನೋಡಿಕೊಂಡೇ ಹೇಳಿದ. "ಕೋಟು ನಮಗೆ ತೊಡಿಸಿದೋರು ನೀವೇ ಸಾರ್. ಪರದೆ ಕಟ್ಟಿಸಿದೋರೂ ನೀವೇ. ಹರಿದು ಸ್ವಿಚ್ಚು ತೆಗೆದೋನು ನಾನು. ಅವತ್ತೇ ಹೇಳಬೇಕಿತ್ತು."

"ಇದನ್ನೆಲ್ಲ ಆಮೇಲೆ ಮಾತಾಡೋಣ" ಎನ್ನುತ್ತ ಸಾಹೇಬರು ಅಧಿಕಾರಿಯ ಕುರ್ಚಿಯ ಮೇಲೆ ಕೈಯಿಟ್ಟರು. "ಮೊದಲು ಮಷೀನು ನಡೀಲಿ, ಒಪ್ಪಿಗೆ ಪತ್ರ ಆಗ್ಲಿ."

ತಮ್ಮನ ಹೆಂಡತಿ ಗೂಟದಿಂದ ಕೀ ತೆಗೆದು, ಬಿಗಿದಿದ್ದ ಸರಳನ್ನು ಬಿಚ್ಚಿ ಕೆಳಗಿಟ್ಟಳು. ಕೀ ಇಲ್ಲದೆ ಚಕ್ಕು ಬಿಗಿಯಲು ಬರುವುದಿಲ್ಲ, ಬಿಚ್ಚಲೂ ಬರುವುದಿಲ್ಲ. ಅದನ್ನು ತಂದು ಟೈಲರಕ್ಕನ ಕೈಯಲ್ಲಿಟ್ಟಳು.

"ಅಧಿಕಾರಿ ಬರೆದು ಮುಗಿಸೋ ತನಕ ಇದನ್ನ ಕೈಯಿಂದ ಬಿಡಬೇಡ ಅಕ್ಕ."

ಕೀ ತಣ್ಣಗಿತ್ತು, ಅಂದುಕೊಂಡದ್ದಕ್ಕಿಂತ ಭಾರವಿತ್ತು. ಹಿಡಿಯ ಒಂದು ಕಡೆ ಸವೆದು ಗುಳಿ ಬಿದ್ದಿತ್ತು. ವರ್ಷಗಟ್ಟಲೆ ಅವನ ಹೆಬ್ಬೆರಳು ಕೂತ ಜಾಗ. ಅವಳು ತನ್ನ ಹೆಬ್ಬೆರಳನ್ನು ಅಲ್ಲಿಟ್ಟಳು. ಉಳಿದ ಹನ್ನೊಂದು ಜನ ಒಬ್ಬೊಬ್ಬರಾಗಿ ತಮ್ಮ ತಮ್ಮ ಮಷೀನಿನ ಸ್ವಿಚ್ಚು ತೆಗೆದು ಬಂದು ಅವಳ ಹಿಂದೆ ನಿಂತರು. ಯಾವ ಮಷೀನಿನ ಸದ್ದೂ ಉಳಿಯಲಿಲ್ಲ. ಖರೀದಿದಾರರೊಬ್ಬರು ಕುರ್ಚಿ ಬಿಟ್ಟು ಎದ್ದರು.

ಅಧಿಕಾರಿ ಸಾಹೇಬರ ಮುಖ ನೋಡಿದ. ಹನ್ನೆರಡು ಜೊತೆ ಬರಿತೋಳು ನೋಡಿದ. ಪೆನ್ನಿನ ಮುಚ್ಚಳ ತೆಗೆದ.

"ಎಲ್ಲಿಂದ ಬರೀಲಿ?"

"ಅವತ್ತು ಬರೆದದ್ದನ್ನ ಮೊದಲು ಹೊಡೆದುಹಾಕಿ" ಎಂದಳು ಟೈಲರಕ್ಕ. "ಆಮೇಲೆ ಬರೀರಿ. ತೋಳು ಇಪ್ಪತ್ತನಾಲ್ಕು ಇಂಚು."